ಸುಮ್ಮನೆ ಮಲಗಿರುವ ಮಗುವಿನ ಸನ್ನಿಯನ್ನೂ ಚಾರ್ಟಿನಲ್ಲಿ ಬರೆಯಿರಿ: ಮಕ್ಕಳ ತೀವ್ರ ನಿಗಾ ಘಟಕಗಳ ಕುರಿತು ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ, ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರಿಗೆ, ಹಾಗೂ ಕರ್ನಾಟಕದ ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳಲ್ಲಿ ಮಕ್ಕಳ ತೀವ್ರ ನಿಗಾ ಘಟಕಗಳನ್ನು ನಡೆಸುತ್ತಿರುವ ವೈದ್ಯರಿಗೆ,

ಮಾನ್ಯರೇ,

ಮಕ್ಕಳ ತೀವ್ರ ನಿಗಾ ಘಟಕದಲ್ಲಿ ಪ್ರತಿ ಹಾಸಿಗೆಗೂ ಒಂದು ಚಾರ್ಟ್ ಇರುತ್ತದೆ. ನಾಡಿ, ಉಸಿರು, ರಕ್ತದೊತ್ತಡ, ಆಮ್ಲಜನಕ, ಮೂತ್ರದ ಪ್ರಮಾಣ, ಯಾವ ಡ್ರಿಪ್ ಎಷ್ಟು ಹೋಯಿತು ಎಂಬುದನ್ನೆಲ್ಲ ಗಂಟೆಗಂಟೆಗೂ ಅದರಲ್ಲಿ ಬರೆಯಲಾಗುತ್ತದೆ. ಮಗು ತನ್ನ ತಾಯಿಯನ್ನು ಗುರುತಿಸುತ್ತಿದೆಯೇ, ಕರೆದರೆ ತಿರುಗಿ ನೋಡುತ್ತಿದೆಯೇ, ಸುತ್ತಮುತ್ತಲಿನ ಅರಿವು ಅದಕ್ಕಿದೆಯೇ ಎಂಬುದನ್ನು ಬರೆಯಲು ಮಾತ್ರ ನಾನು ಕೆಲಸ ಮಾಡಿದ ಯಾವ ಘಟಕದ ಚಾರ್ಟಿನಲ್ಲೂ ಜಾಗವಿರಲಿಲ್ಲ. ಗ್ಲಾಸ್ಗೋ ಕೋಮಾ ಮಾಪನದ ಅಂಕವನ್ನು ನಾವು ತಪ್ಪದೆ ಬರೆಯುತ್ತಿದ್ದೆವು. ಆದರೆ ಆ ಅಂಕದಿಂದ ಮಗು ಎಷ್ಟು ಎಚ್ಚರವಾಗಿದೆ ಎಂಬುದು ತಿಳಿಯುತ್ತದೆಯೇ ಹೊರತು, ಎಚ್ಚರವಾಗಿರುವ ಆ ಮನಸ್ಸು ನೆಟ್ಟಗಿದೆಯೇ ಎಂಬುದು ತಿಳಿಯುವುದಿಲ್ಲ. ಬಹಳ ವರ್ಷ ಇಂಥ ಘಟಕಗಳಲ್ಲಿ ಶುಶ್ರೂಷಾಧಿಕಾರಿಯಾಗಿ ದುಡಿದು, ಆಮೇಲೆ ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠ ಹೇಳಿದ ನಾನು ಈ ಪತ್ರದಲ್ಲಿ ಕೇಳುತ್ತಿರುವುದು ಮುಖ್ಯವಾಗಿ ಎರಡನ್ನು. ಕಾಯಿಲೆಬಿದ್ದ ಮಕ್ಕಳಲ್ಲಿ ಸನ್ನಿ ಇದೆಯೇ ಎಂದು ಪ್ರತಿ ಪಾಳಿಯಲ್ಲೂ ಅಳೆದು ದಾಖಲಿಸಬೇಕು. ತಾಯಿಯನ್ನೋ ತಂದೆಯನ್ನೋ ಘಟಕದ ಬಾಗಿಲಾಚೆ ನಿಲ್ಲಿಸದೆ, ಮಗುವಿನ ಹಾಸಿಗೆಯ ಪಕ್ಕದಲ್ಲಿ ಇರಗೊಡಬೇಕು. ಮೇಲ್ನೋಟಕ್ಕೆ ಇವು ಬೇರೆ ಬೇರೆ ಬೇಡಿಕೆಗಳಂತೆ ಕಂಡರೂ ಒಂದನ್ನು ಬಿಟ್ಟು ಇನ್ನೊಂದು ನಡೆಯುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ವೈದ್ಯರು ಡೆಲಿರಿಯಂ ಎನ್ನುವ, ನಮ್ಮ ಹಳ್ಳಿಗಳಲ್ಲಿ ಸನ್ನಿ ಎಂದೇ ಗೊತ್ತಿರುವ ಈ ಸ್ಥಿತಿ ಮನೋರೋಗವಲ್ಲ. ದೇಹದ ತೀವ್ರ ಕಾಯಿಲೆ ಅಥವಾ ಅದಕ್ಕೆ ಕೊಡುವ ಔಷಧ ಮಿದುಳಿನ ಕೆಲಸವನ್ನು ಕೆಡಿಸಿದಾಗ, ಕೆಲವೇ ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಮಗುವಿನ ಗಮನವೂ ಅರಿವೂ ಕದಡಿಹೋಗುತ್ತವೆ. ಬೆಳಿಗ್ಗೆ ಸರಿಯಿದ್ದಂತೆ ಕಂಡ ಮಗು ಸಂಜೆಯ ಹೊತ್ತಿಗೆ ಇಲ್ಲದ್ದನ್ನು ಕಂಡು ಕಿರುಚಬಹುದು, ನಡುರಾತ್ರಿ ಮತ್ತೆ ತಿಳಿಯಾಗಬಹುದು. ದತ್ತೂರಿ ಕಾಯಿ ತಿಂದು ಬಂದ ಮಗು ಗಾಳಿಯಲ್ಲಿ ಏನನ್ನೋ ಹಿಡಿಯಲು ಕೈಚಾಚುವುದನ್ನು, ಹೊದಿಕೆಯನ್ನು ಮತ್ತೆ ಮತ್ತೆ ಕಿತ್ತೆಳೆಯುವುದನ್ನು ನಮ್ಮ ಜಿಲ್ಲಾ ಆಸ್ಪತ್ರೆಗಳ ಸಿಬ್ಬಂದಿ ಬಲ್ಲರು. ಕೀಟನಾಶಕ ಹೊಟ್ಟೆಗೆ ಹೋದ ಮಗುವಿನ ಜೀವ ಉಳಿಸಲೆಂದು ಕೊಡುವ ಅಟ್ರೋಪಿನ್ ಅಗತ್ಯ ಮೀರಿದಾಗಲೂ ಅದೇ ಲಕ್ಷಣಗಳು ಕಾಣುತ್ತವೆ, ಏಕೆಂದರೆ ಎರಡೂ ಮಿದುಳಿನಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಕೆಲಸಕ್ಕೆ ತಡೆಯೊಡ್ಡುತ್ತವೆ. ಅಂಥ ಸನ್ನಿ ಯಾರ ಕಣ್ಣಿಗಾದರೂ ಬೀಳುತ್ತದೆ. ನ್ಯುಮೋನಿಯಾ, ಡೆಂಗಿ ಶಾಕ್, ರಕ್ತದ ಸೋಂಕು, ಹೃದಯದ ಶಸ್ತ್ರಚಿಕಿತ್ಸೆ ಇವುಗಳ ಜೊತೆ ಬರುವ ಸನ್ನಿಗೆ ಹೀಗೆ ಒಂದೇ ಕಾರಣವಿರುವುದಿಲ್ಲ. ಮೈಯಲ್ಲಿನ ಉರಿಯೂತ, ಆಮ್ಲಜನಕದ ಕೊರತೆ, ನಿದ್ದೆಗೇಡು, ಮಂಪರು ತರಿಸುವ ಔಷಧಗಳು ಎಲ್ಲ ಕೂಡಿ ಅದನ್ನು ತರುತ್ತವೆ, ಮತ್ತು ಅದು ಬಹಳ ಸಲ ಸದ್ದಿಲ್ಲದೆ ಬರುತ್ತದೆ.

ಈ ಸದ್ದಿಲ್ಲದ ಸನ್ನಿಯೇ ನನ್ನನ್ನು ಈ ಪತ್ರ ಬರೆಯುವಂತೆ ಮಾಡಿದೆ. ಕೂಗಾಡುವ, ಕ್ಯಾನುಲಾ ಕಿತ್ತುಹಾಕುವ, ಹಾಸಿಗೆಯಿಂದ ಇಳಿಯಲು ಹವಣಿಸುವ ಮಗುವಿನ ಬಳಿ ಎಲ್ಲರೂ ಓಡಿ ಬರುತ್ತಾರೆ. ಕಣ್ಣು ಬಿಟ್ಟುಕೊಂಡೇ ಮಲಗಿರುವ, ಸೂಜಿ ಚುಚ್ಚಿದರೂ ಹೆಚ್ಚು ಅಳದ, ಆಟಿಕೆ ತೋರಿಸಿದರೆ ಅದರತ್ತ ನೋಟ ನಿಲ್ಲಿಸದ ಮಗುವಿನ ಬಗ್ಗೆ ಪಾಳಿ ಬದಲಾಗುವಾಗ ನಾವು ಹೇಳುವುದು ಒಂದೇ ಮಾತು: ‘ಈ ಮಗುವಿನದೇನೂ ತೊಂದರೆ ಇಲ್ಲ, ಆರಾಮಾಗಿದೆ.’ ಕೆಲಸದ ಒತ್ತಡದಲ್ಲಿರುವವರಿಗೆ ಅಂಥ ಮಗು ನಿಜಕ್ಕೂ ಒಂದು ನೆಮ್ಮದಿ. ಆದರೆ ಆ ಮಗುವಿನೊಳಗೆ ನಡೆಯುತ್ತಿರುವುದು ನೆಮ್ಮದಿಯಲ್ಲ. ತೀವ್ರ ಕಾಯಿಲೆಯ ಮಕ್ಕಳಲ್ಲಿ ಹೀಗೆ ಮಂಕಾಗಿಸುವ ಸನ್ನಿ, ಹಾಗೂ ಒಮ್ಮೆ ಮಂಕು ಒಮ್ಮೆ ಕೆರಳು ಎಂದು ಹೊಯ್ದಾಡುವ ಬೆರಕೆ ಸನ್ನಿ, ಬರಿಯ ಕೂಗಾಟದ ಸನ್ನಿಗಿಂತ ಹೆಚ್ಚು ಸಾಮಾನ್ಯ ಎಂದು ಈ ವಿಷಯದಲ್ಲಿ ಕೆಲಸ ಮಾಡಿದವರು ಕಂಡುಕೊಂಡಿದ್ದಾರೆ. ಅಂದರೆ, ಕೂಗಾಡುವವರನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಹೆಚ್ಚಿನ ಮಕ್ಕಳು ನಮ್ಮ ಲೆಕ್ಕದಿಂದಲೇ ಹೊರಗುಳಿಯುತ್ತಾರೆ.

ಹುಡುಕಿದರೆ ಮಾತ್ರ ಸಿಗುವ ಸಂಗತಿ ಇದು ಎಂಬುದಕ್ಕೆ ಎರಡು ಅಧ್ಯಯನಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬಹುದು. ನೆದರ್‌ಲ್ಯಾಂಡ್ಸ್‌ನ ಮಾಸ್ಟ್ರಿಕ್ಟ್‌ನಲ್ಲಿ ಮಕ್ಕಳ ಮನೋವೈದ್ಯ ಯಾನ್ ಶೀವೆಲ್ಡ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತೀವ್ರ ನಿಗಾ ಘಟಕಕ್ಕೆ ಬಂದ 877 ಮಕ್ಕಳ ಪೈಕಿ ಸನ್ನಿ ಎಂದು ಗುರುತಿಸಲ್ಪಟ್ಟವರು 40 ಮಂದಿ, ಅಂದರೆ ಸುಮಾರು ಶೇ. 5. ಅಲ್ಲಿ ಚಿಕಿತ್ಸೆ ನೀಡುತ್ತಿದ್ದ ವೈದ್ಯರಿಗೆ ಅನುಮಾನ ಬಂದು ಮನೋವೈದ್ಯರನ್ನು ಕರೆಸಿದ ಮಕ್ಕಳನ್ನು ಮಾತ್ರ ಪರೀಕ್ಷಿಸಲಾಗಿತ್ತು. ಹತ್ತು ವರ್ಷಗಳ ನಂತರ, 2017ರಲ್ಲಿ ಪ್ರಕಟವಾದ, ಹಲವು ದೇಶಗಳ 25 ಘಟಕಗಳಲ್ಲಿ ಗೊತ್ತುಪಡಿಸಿದ ದಿನಗಳಂದು ಅಲ್ಲಿದ್ದ ಮಕ್ಕಳನ್ನೆಲ್ಲ ತಪಾಸಣೆಗೆ ಒಳಪಡಿಸಿದ ಅಧ್ಯಯನದಲ್ಲಿ ಆ ಪ್ರಮಾಣ ಶೇ. 25, ಆರು ದಿನ ಅಥವಾ ಅದಕ್ಕಿಂತ ಹೆಚ್ಚು ಕಾಲ ಘಟಕದಲ್ಲಿದ್ದ ಮಕ್ಕಳಲ್ಲಿ ಶೇ. 38. ಎರಡೂ ಅಧ್ಯಯನಗಳ ಅಳತೆಯ ಕ್ರಮ ಬೇರೆ, ಮಕ್ಕಳ ಸ್ಥಿತಿಯೂ ಬೇರೆ. ಆದ್ದರಿಂದ ಒಂದರ ಪಕ್ಕ ಒಂದಿಟ್ಟು ಐದು ಪಟ್ಟು ಎಂದು ಹೇಳುವುದು ಸರಿಯಾಗಲಾರದು. ಆದರೂ ಅನುಮಾನ ಬಂದಾಗ ಮಾತ್ರ ನೋಡುವುದಕ್ಕೂ ಎಲ್ಲರನ್ನೂ ನೋಡುವುದಕ್ಕೂ ಇರುವ ಅಂತರ ಈ ಅಂಕಿಗಳಲ್ಲಿ ಕಾಣುತ್ತದೆ. ನ್ಯೂಯಾರ್ಕ್‌ನ ಒಂದೇ ಘಟಕದಲ್ಲಿ 1,547 ಮಕ್ಕಳನ್ನು ಗಮನಿಸಿದ ಮತ್ತೊಂದು ಅಧ್ಯಯನದಲ್ಲಿ, ಕಾಯಿಲೆಯ ತೀವ್ರತೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಸನ್ನಿ ಬಂದ ಮಕ್ಕಳಲ್ಲಿ ಸಾವಿನ ಸಂಭವ ಹೆಚ್ಚಿತ್ತು. ಸನ್ನಿಯೇ ಸಾವನ್ನು ತಂದಿತು ಎಂದು ಇದರಿಂದ ಹೇಳಲಾಗದು. ನಾಡಿ ಏರಿದಾಗ ನಾವು ಎಚ್ಚೆತ್ತುಕೊಳ್ಳುವಂತೆ, ಸನ್ನಿ ಕಂಡಾಗಲೂ ಎಚ್ಚೆತ್ತುಕೊಳ್ಳಬೇಕು ಎಂದು ಹೇಳಲು ಇಷ್ಟು ಸಾಕು.

ಅಳೆಯುವ ಸಾಧನ ಹೊಸದೂ ಅಲ್ಲ, ದುಬಾರಿಯೂ ಅಲ್ಲ. ನ್ಯೂಯಾರ್ಕ್‌ನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ಚಾನಿ ಟ್ರಾಬ್ ಮತ್ತು ಅವರ ತಂಡ ರೂಪಿಸಿ 2014ರಲ್ಲಿ ಪರೀಕ್ಷಾ ಫಲಿತಾಂಶಗಳನ್ನು ಪ್ರಕಟಿಸಿದ ಕಾರ್ನೆಲ್ ಮಾಪನದಲ್ಲಿ ಇರುವುದು ಎಂಟು ಪ್ರಶ್ನೆ. ಮಗು ತನ್ನನ್ನು ನೋಡಿಕೊಳ್ಳುವವರ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತದೆಯೇ? ಅದರ ಚಲನೆಗೆ ಒಂದು ಉದ್ದೇಶವಿದೆಯೇ? ಸುತ್ತಲಿನ ಅರಿವಿದೆಯೇ? ತನಗೆ ಬೇಕಾದುದನ್ನು ಹೇಗಾದರೂ ತಿಳಿಸುತ್ತದೆಯೇ? ಚಡಪಡಿಸುತ್ತಿದೆಯೇ? ಎಷ್ಟು ರಮಿಸಿದರೂ ಸಮಾಧಾನವಾಗುತ್ತಿಲ್ಲವೇ? ಎಚ್ಚರವಿದ್ದಾಗಲೂ ಅಲುಗಾಟ ತೀರಾ ಕಡಿಮೆಯೇ? ಮಾತಾಡಿಸಿದರೆ ಪ್ರತಿಕ್ರಿಯಿಸಲು ಬಹಳ ಹೊತ್ತು ಹಿಡಿಯುತ್ತದೆಯೇ? ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ; ಮಗುವಿನ ಸ್ಥಿತಿ ಕೆಟ್ಟಷ್ಟೂ ಅಂಕ ಹೆಚ್ಚು. ಒಟ್ಟು ಒಂಬತ್ತು ಅಥವಾ ಅದಕ್ಕಿಂತ ಹೆಚ್ಚಾದರೆ ಸನ್ನಿ ಇರಬಹುದೆಂದು ವೈದ್ಯರು ನೋಡಬೇಕು. ಕೊನೆಯ ಎರಡು ಪ್ರಶ್ನೆಗಳನ್ನು ಗಮನಿಸಿ. ಸುಮ್ಮನೆ ಮಲಗಿರುವ ಮಗುವನ್ನು ಹಿಡಿಯಲೆಂದೇ ಅವು ಅಲ್ಲಿವೆ. ಪಾಳಿಯುದ್ದಕ್ಕೂ ಮಗುವಿನೊಡನೆ ಇದ್ದ ಶುಶ್ರೂಷಾಧಿಕಾರಿ ಪಾಳಿಯ ಕೊನೆಯಲ್ಲಿ ಎರಡು ನಿಮಿಷದಲ್ಲಿ ಇದನ್ನು ತುಂಬಬಹುದು. ಹಸುಗೂಸಿಗೆ ಏನು ಸಹಜ, ಒಂದು ವರ್ಷದ ಮಗುವಿಗೆ ಏನು ಸಹಜ ಎಂದು ವಯಸ್ಸಿಗೆ ತಕ್ಕಂತೆ ತಿಳಿಸುವ ಕೈಪಟ್ಟಿಯೂ ಅದರ ಜೊತೆಗಿದೆ. ಆಳವಾದ ಮಂಪರಿನಲ್ಲಿರುವ ಮಗುವಿಗೆ ಇದನ್ನು ಬಳಸಲಾಗದು. ಹುಟ್ಟಿನಿಂದಲೇ ಬೆಳವಣಿಗೆ ಕುಂಠಿತವಾಗಿರುವ ಮಕ್ಕಳಲ್ಲಿ ಈ ಮಾಪನ ಸನ್ನಿ ಇಲ್ಲದಿದ್ದರೂ ಇದೆ ಎಂದು ತೋರಿಸುವುದುಂಟು. ಅಲ್ಲಿ ಅಂಕಕ್ಕಿಂತ, ‘ನಿಮ್ಮ ಮಗು ಮನೆಯಲ್ಲಿ ಹೇಗಿರುತ್ತಿತ್ತು, ಈಗೇನು ವ್ಯತ್ಯಾಸ ಕಾಣುತ್ತಿದೆ’ ಎಂದು ತಾಯಿಯನ್ನು ಕೇಳಿ ತಿಳಿಯುವುದೇ ಹೆಚ್ಚು ಬೆಲೆಯುಳ್ಳದ್ದು.

ಅಂಕ ಹೆಚ್ಚಿದೆ ಎಂದು ತಿಳಿದ ಕೂಡಲೇ ಮಗುವನ್ನು ಇನ್ನಷ್ಟು ಮಲಗಿಸುವ ಔಷಧ ಹಾಕಿದರೆ ಅಳೆದುದೇ ವ್ಯರ್ಥವಾಗುತ್ತದೆ. ಆ ಅಂಕ ಕಾರಣವನ್ನು ಹುಡುಕಲು ಬಂದ ಕರೆ. ಆಮ್ಲಜನಕ ಸಾಲುತ್ತಿದೆಯೇ, ರಕ್ತದಲ್ಲಿ ಸಕ್ಕರೆ ಇಳಿದಿದೆಯೇ, ಸೋಡಿಯಂ ಏರುಪೇರಾಗಿದೆಯೇ, ಹೊಸ ಸೋಂಕು ಸೇರಿಕೊಂಡಿದೆಯೇ, ನೋವಿಗೆ ಕೊಟ್ಟ ಔಷಧ ಸಾಲದೆ ಮಗು ನರಳುತ್ತಿದೆಯೇ ಎಂದು ಒಂದೊಂದಾಗಿ ನೋಡಬೇಕಾಗುತ್ತದೆ. ಮಿದುಳಿನ ಜ್ವರ ಕಾಣಿಸಿಕೊಳ್ಳುವ ಕೋಲಾರ, ಬಳ್ಳಾರಿಯಂಥ ಜಿಲ್ಲೆಗಳಿಂದ ಬಂದ ಮಗುವಿನಲ್ಲಿ ಮಿದುಳಿಗೇ ಸೋಂಕು ತಗುಲಿದೆಯೇ, ಕೈಕಾಲು ಅದುರದೆ ಒಳಗೊಳಗೇ ಫಿಟ್ಸ್ ನಡೆಯುತ್ತಿದೆಯೇ ಎಂದು ಯೋಚಿಸದೆ ಸನ್ನಿ ಎಂದು ಬರೆದು ಮುಂದೆ ಹೋಗುವಂತಿಲ್ಲ. ಹಲವು ದಿನ ಮಂಪರಿನ ಔಷಧ ಹರಿಸಿ ಥಟ್ಟನೆ ನಿಲ್ಲಿಸಿದಾಗ ಮಗು ಚಡಪಡಿಸುವುದು, ಬೆವರುವುದು, ಭೇದಿ ಮಾಡಿಕೊಳ್ಳುವುದು ಬೇರೆಯದೇ ಸಮಸ್ಯೆ. ಅದು ಸನ್ನಿಯಂತೆಯೇ ಕಾಣುತ್ತದೆ, ಕೆಲವೊಮ್ಮೆ ಸನ್ನಿಯ ಜೊತೆಗೇ ಬರುತ್ತದೆ.

ಮಂಪರಿನ ಔಷಧದ ಮಾತು ಬಂದುದರಿಂದ ಮಿಡಾಜೋಲಂ ಬಗ್ಗೆ ಹೇಳಲೇಬೇಕು. ಅಗ್ಗ, ಎಲ್ಲೆಡೆ ಸಿಗುತ್ತದೆ, ಎಲ್ಲರ ಕೈಗೂ ಪಳಗಿದೆ. ಹಾಗಾಗಿ ವೆಂಟಿಲೇಟರ್ ಹಾಕಿದ ಮಗುವಿಗೆ ಅದರ ಡ್ರಿಪ್ ಹಚ್ಚುವುದು ನಮ್ಮಲ್ಲಿ ವಾಡಿಕೆಯಾಗಿಬಿಟ್ಟಿದೆ. ಆ ಗುಂಪಿನ ಔಷಧಗಳಿಗೂ ಮಕ್ಕಳ ಸನ್ನಿಗೂ ನಂಟಿದೆ ಎಂದು ಒಂದಾದ ಮೇಲೊಂದು ಅಧ್ಯಯನ ತೋರಿಸಿದೆ. ಅಮೆರಿಕದ ಸೊಸೈಟಿ ಆಫ್ ಕ್ರಿಟಿಕಲ್ ಕೇರ್ ಮೆಡಿಸಿನ್ 2022ರಲ್ಲಿ ಹೊರತಂದ ಮಾರ್ಗಸೂಚಿ, ತೀವ್ರ ಕಾಯಿಲೆಯ ಮಕ್ಕಳಲ್ಲಿ ಸನ್ನಿಯನ್ನು ಮಾಪನ ಬಳಸಿ ನಿಯಮಿತವಾಗಿ ತಪಾಸಿಸಲು, ಮಿಡಾಜೋಲಂನಂಥ ಔಷಧಗಳನ್ನು ಆದಷ್ಟು ಕಡಿಮೆ ಮಾಡಲು, ಸಾಧ್ಯವಾದ ಮಕ್ಕಳನ್ನು ಬೇಗ ಎಬ್ಬಿಸಿ ಕೂರಿಸಲು ಸಲಹೆ ಮಾಡಿದೆ. ಸನ್ನಿಯನ್ನು ತಡೆಯಲೆಂದು, ಮನೋರೋಗಕ್ಕೆ ಬಳಸುವ ಹ್ಯಾಲೋಪೆರಿಡಾಲ್‌ನಂಥ ಔಷಧಗಳನ್ನು ರೂಢಿಯಂತೆ ಕೊಡುವುದು ಬೇಡ ಎಂದೂ ಹೇಳಿದೆ. ಮಂಪರಿಗಾಗಿ ಮಿಡಾಜೋಲಂ ಬದಲಿಗೆ ಬಳಸಬಹುದಾದ ಡೆಕ್ಸ್‌ಮೆಡಿಟೊಮಿಡಿನ್ ನಾಡಿಬಡಿತವನ್ನು ನಿಧಾನಗೊಳಿಸಬಹುದು, ಬೆಲೆಯೂ ಹೆಚ್ಚು; ಎಲ್ಲ ಮಕ್ಕಳಿಗೂ ಅದು ಒಗ್ಗುವುದಿಲ್ಲ. ಫಿಟ್ಸ್ ನಿಲ್ಲಿಸಲು ಮಿಡಾಜೋಲಂ ಬೇಕೇ ಬೇಕು. ಆದ್ದರಿಂದ ಮಿಡಾಜೋಲಂ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಈ ಮಗುವಿಗೆ ಈ ಹೊತ್ತು ಇದು ಇನ್ನೂ ಬೇಕೇ ಎಂದು ಪ್ರತಿದಿನ ಬೆಳಗಿನ ರೌಂಡ್ಸ್‌ನಲ್ಲಿ ಒಬ್ಬರು ಕೇಳಬೇಕು, ಉತ್ತರ ಕೇಸ್ ಶೀಟಿನಲ್ಲಿ ದಾಖಲಾಗಬೇಕು. ಬದಲಿ ಔಷಧ ಜಿಲ್ಲಾ ಮಟ್ಟದ ಘಟಕಗಳಿಗೂ ದೊರೆಯುವಂತೆ ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ ನೋಡಿಕೊಳ್ಳಬೇಕು.

ಕೈಕಟ್ಟುವುದರ ಬಗ್ಗೆಯೂ ಇಷ್ಟೇ ನಿಖರವಾದ ನಿಯಮ ಬೇಕು. ಗಂಟಲಿನ ಕೊಳವೆ ಕಿತ್ತುಕೊಂಡರೆ ಜೀವಕ್ಕೇ ಅಪಾಯ ಎಂಬುದು ನಿಜ. ಆದರೆ ನರ್ಸುಗಳು ಕಡಿಮೆ ಇದ್ದಾರೆ ಎಂಬ ಕಾರಣಕ್ಕೆ ಮಗುವಿನ ಮಣಿಕಟ್ಟನ್ನು ಗಾಜ್ ಬಟ್ಟೆಯಿಂದ ಮಂಚದ ಸರಳಿಗೆ ಬಿಗಿದು, ಯಾರೂ ಆದೇಶ ಬರೆಯದೆ, ಯಾವಾಗ ಬಿಚ್ಚಬೇಕೆಂದು ಯಾರೂ ಹೇಳದೆ ದಿನಗಟ್ಟಲೆ ಹಾಗೇ ಬಿಟ್ಟಿದ್ದನ್ನು ನಾನು ಕಂಡಿದ್ದೇನೆ. ನಾನು ಮೇಲೆ ಹೇಳಿದ 25 ಘಟಕಗಳ ಅಧ್ಯಯನದಲ್ಲಿ ಕಟ್ಟಿಹಾಕುವಿಕೆಯೂ ಸನ್ನಿಯೊಂದಿಗೆ ತಳಕು ಹಾಕಿಕೊಂಡಿರುವುದು ಕಂಡುಬಂದಿದೆ. ರಾತ್ರಿಯ ಸ್ಥಿತಿಯೂ ಹಾಗೆಯೇ: ಹಗಲಿನಷ್ಟೇ ಬೆಳಕು, ನಿಲ್ಲದ ಅಲಾರಂ, ನಸುಕಿನಲ್ಲೇ ರಕ್ತ ತೆಗೆಯುವುದು, ಮೈ ಒರೆಸುವುದು. ರಾತ್ರಿ ಹತ್ತರಿಂದ ಬೆಳಿಗ್ಗೆ ಐದರವರೆಗೆ ದೀಪ ತಗ್ಗಿಸಿ, ತಡವಾದರೂ ನಡೆಯುವ ಕೆಲಸಗಳನ್ನು ಒಟ್ಟುಗೂಡಿಸಿ ಮಾಡುವುದಕ್ಕೆ ಯಾವ ಅನುದಾನವೂ ಬೇಕಿಲ್ಲ.

ಇನ್ನು ತಾಯಿಯ ವಿಷಯ. ಸನ್ನಿಯನ್ನು ಎಲ್ಲರಿಗಿಂತ ಮೊದಲು ಗುರುತಿಸುವವಳು ಅವಳು ಎಂಬುದನ್ನು ನಾನು ಎಷ್ಟೋ ಹಾಸಿಗೆಗಳ ಪಕ್ಕದಲ್ಲಿ ಕಂಡಿದ್ದೇನೆ. ‘ಸಿಸ್ಟರ್, ಇವನು ನಮ್ಮ ಹುಡುಗನ ಹಂಗಿಲ್ಲ, ನನ್ನ ನೋಡ್ತಾನೆ ಆದ್ರೆ ನೋಡ್ತಿಲ್ಲ’ ಎಂದು ಒಬ್ಬ ತಾಯಿ ಹೇಳಿದಾಗ, ಮಾನಿಟರಿನಲ್ಲಿ ಎಲ್ಲ ಅಂಕಿಗಳೂ ಸರಿಯಾಗಿಯೇ ಇರುತ್ತವೆ. ಆದರೆ ಅವಳು ಹೇಳುತ್ತಿರುವುದು ಕಾರ್ನೆಲ್ ಮಾಪನದ ಮೊದಲ ಪ್ರಶ್ನೆಯ ಉತ್ತರವನ್ನೇ. ಗಾಳಿ ಸೋಕಿದೆಯೋ, ದೃಷ್ಟಿ ತಾಗಿದೆಯೋ ಎಂದು ಅವಳು ಹೆದರಿ ತಾಯಿತ ತಂದರೆ ಅವಳನ್ನು ಗದರಿಸಬಾರದು. ಅವಳು ಕಂಡ ಬದಲಾವಣೆ ನಿಜ, ಅದಕ್ಕೆ ಕಾರಣ ಇಂಥದ್ದು ಎಂದು ನಾವು ಹೇಳದೆ ಇದ್ದುದರಿಂದಲೇ ಅವಳು ತನಗೆ ತಿಳಿದ ಕಾರಣವನ್ನು ಹುಡುಕಿಕೊಂಡಿರುತ್ತಾಳೆ. ಇಂಥ ತಾಯಿಯನ್ನು ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ಒಳಗೆ ಬಿಟ್ಟು, ಉಳಿದ ಹೊತ್ತು ವೆರಾಂಡದಲ್ಲಿ ಚಾಪೆ ಹಾಸಿಕೊಂಡು ಕೂರುವಂತೆ ಮಾಡುವ ಪದ್ಧತಿ ನಮ್ಮಲ್ಲಿ ಎಷ್ಟೋ ಕಡೆ ಇದೆ. ಬೆಂಗಳೂರಿನ ಘಟಕಕ್ಕೆ ಯಾದಗಿರಿಯಿಂದಲೋ ಚಾಮರಾಜನಗರದಿಂದಲೋ ಬಂದ ಮೂರು ವರ್ಷದ ಮಗುವನ್ನು ನೆನೆಯಿರಿ. ಅದರ ಕಿವಿಗೆ ಬೀಳುವುದು ಇಂಗ್ಲಿಷ್, ಹಿಂದಿ, ಮಲಯಾಳಂ. ಮನೆಯಲ್ಲಿ ಅದು ಕೇಳಿದ್ದು ಲಂಬಾಣಿಯೋ, ಉರ್ದುವೋ, ತನ್ನೂರಿನ ಕನ್ನಡವೋ ಆಗಿರುತ್ತದೆ. ಅರಿವು ಕದಡಿದ ಮಗುವಿಗೆ ತಾನೆಲ್ಲಿದ್ದೇನೆ ಎಂದು ತಿಳಿಸಿಕೊಡಬಲ್ಲ ಧ್ವನಿ ಬಾಗಿಲಾಚೆ ಕುಳಿತಿರುತ್ತದೆ.

ಸೋಂಕಿನ ಭಯವನ್ನು ಮುಂದೊಡ್ಡುವವರಿಗೆ ಒಂದು ಮಾತು. ನವಜಾತ ಶಿಶುಗಳು ಸೋಂಕಿಗೆ ಇನ್ನೂ ಹೆಚ್ಚು ಸುಲಭವಾಗಿ ತುತ್ತಾಗುವವರು. ಆದರೂ ಅವರ ವಿಶೇಷ ಆರೈಕೆ ಘಟಕಗಳಲ್ಲಿ ತಂದೆತಾಯಿಗೆ ತರಬೇತಿ ಕೊಟ್ಟು ಆರೈಕೆಯಲ್ಲಿ ಪಾಲ್ಗೊಳ್ಳುವಂತೆ ಮಾಡಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯವೇ 2017ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಭಾರತವೂ ಸೇರಿದಂತೆ ಐದು ದೇಶಗಳ ಆಸ್ಪತ್ರೆಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೇತೃತ್ವದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಡಿಮೆ ತೂಕದ ಶಿಶುಗಳನ್ನು ಹುಟ್ಟಿದ ಕೂಡಲೇ ತಾಯಿಯ ಎದೆಯ ಮೇಲೆ ಮೈಗೆ ಮೈ ತಾಗಿಸಿಟ್ಟು ತಾಯಿಯನ್ನೂ ಘಟಕದೊಳಗೇ ಇರಿಸಿಕೊಂಡಾಗ ಸಾವು ಶೇ. 15.7ರಿಂದ ಶೇ. 12ಕ್ಕೆ ಇಳಿಯಿತು, ಸೋಂಕಿನ ಅನುಮಾನದ ಪ್ರಕರಣಗಳೂ ಕಡಿಮೆಯಾದವು. ಒಂದು ಕಿಲೋ ಚಿಲ್ಲರೆ ತೂಗುವ ಕೂಸಿನ ಪಕ್ಕ ಕೈತೊಳೆದು ಕೂರಬಲ್ಲ ತಾಯಿ, ನಾಲ್ಕು ವರ್ಷದ ಮಗುವಿನ ಪಕ್ಕ ಏಕೆ ಕೂರಬಾರದು? ಜಾಗ ಸಾಲದು ಎಂಬ ತಕರಾರು ಹೆಚ್ಚು ನಿಜವಾದುದು; ಎರಡು ಮಂಚಗಳ ನಡುವೆ ಸ್ಟೂಲ್ ಇಡಲೂ ಎಡೆಯಿಲ್ಲದ ಘಟಕಗಳಿವೆ. ಕೋವಿಡ್ ಎರಡನೇ ಅಲೆಯ ನಂತರ 2021ರ ಕೇಂದ್ರದ ತುರ್ತು ಪ್ಯಾಕೇಜಿನಡಿ ಜಿಲ್ಲೆಗಳಲ್ಲಿ ಮಕ್ಕಳ ಘಟಕಗಳನ್ನು ಕಟ್ಟಲು ಹೊರಟಾಗಲೇ ತಾಯಿಗೊಂದು ಕುರ್ಚಿಯ ಜಾಗವನ್ನು ನಕ್ಷೆಯಲ್ಲಿ ಗುರುತಿಸಬೇಕಿತ್ತು. ಮುಂದೆ ಕಟ್ಟುವುದರಲ್ಲಾದರೂ ಗುರುತಿಸಿ.

ಇದೆಲ್ಲವನ್ನೂ ಶುಶ್ರೂಷಾಧಿಕಾರಿಗಳ ತಲೆಯ ಮೇಲೆ ಹೊರಿಸಿ ಸುತ್ತೋಲೆ ಹೊರಡಿಸಿದರೆ ಏನೂ ಆಗದು ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳುತ್ತೇನೆ. ಒಬ್ಬಳೇ ಸಿಸ್ಟರ್ ನಾಲ್ಕೈದು ಮಕ್ಕಳನ್ನು, ಅದರಲ್ಲಿ ಇಬ್ಬರು ವೆಂಟಿಲೇಟರಿನಲ್ಲಿರುವಾಗ, ನೋಡಿಕೊಳ್ಳಬೇಕಾದ ಕಡೆ ಎಂಟು ಪ್ರಶ್ನೆಗಳಿಗೆ ಟಿಕ್ ಬೀಳುತ್ತದೆ, ಮಗುವಿನ ಕಣ್ಣನ್ನು ಮಾತ್ರ ಯಾರೂ ನೋಡಿರುವುದಿಲ್ಲ. ವೆಂಟಿಲೇಟರಿನ ಮಗುವಿಗೆ ಒಬ್ಬರು ಎಂಬ ಅನುಪಾತವನ್ನು ಹುದ್ದೆ ತುಂಬುವ ಮೂಲಕ ಸಾಧಿಸಬೇಕು. ಗುತ್ತಿಗೆಯ ಮೇಲೆ ಬಂದು ಆರು ತಿಂಗಳಿಗೆ ಹೊರಟುಹೋಗುವವರಿಂದ ಈ ಬಗೆಯ ಗಮನವನ್ನು ನಿರೀಕ್ಷಿಸುವುದು ಅವರಿಗೂ ಅನ್ಯಾಯ.

ಘಟಕದಿಂದ ಹೊರಬಂದ ಮಾತ್ರಕ್ಕೆ ಸನ್ನಿಯ ಪರಿಣಾಮ ಮುಗಿಯುವುದಿಲ್ಲ. ಲಂಡನ್ನಿನಲ್ಲಿ ಜಿಲಿಯನ್ ಕಾಲ್ವಿಲ್ ಮತ್ತು ಸಂಗಡಿಗರು ತೀವ್ರ ನಿಗಾದಿಂದ ಬಿಡುಗಡೆಯಾದ 102 ಮಕ್ಕಳನ್ನು ಮಾತಾಡಿಸಿ 2008ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಸುಮಾರು ಮೂರರಲ್ಲಿ ಒಂದು ಮಗುವಿಗೆ ಅಲ್ಲಿ ನಡೆಯದೇ ಇದ್ದ ಭಯಾನಕ ಸಂಗತಿಗಳ ನೆನಪಿತ್ತು. ಅಂಥ ಮಕ್ಕಳಲ್ಲಿ ಆಘಾತದ ಲಕ್ಷಣಗಳೂ ಹೆಚ್ಚಿದ್ದವು. ಮನೆಗೆ ಹೋದ ಮೇಲೆ ರಾತ್ರಿ ಬೆಚ್ಚಿಬೀಳುವ, ತಾಯಿಯ ಸೆರಗು ಬಿಡದ, ಕಲಿತ ಮಾತು ಮರೆತಂತೆ ಆಡುವ ಮಗುವಿನ ಬಗ್ಗೆ ಡಿಸ್ಚಾರ್ಜ್ ಸಮಯದಲ್ಲೇ ತಂದೆತಾಯಿಗೆ ಕನ್ನಡದಲ್ಲಿ, ಬಾಯಿಮಾತಿನಲ್ಲೂ ಬರಹದಲ್ಲೂ ಹೇಳಬೇಕು. ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ನೋಡಲೆಂದು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಇರುವ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಿಗೆ ಈ ಮಕ್ಕಳನ್ನೂ ಕಳಿಸುವ ವ್ಯವಸ್ಥೆ ಮಾಡಿದರೆ ಹೊಸ ಸಂಸ್ಥೆ ಹುಟ್ಟುಹಾಕುವ ಅಗತ್ಯವೇ ಬೀಳದು.

ರಾಜ್ಯದ ಎಲ್ಲ ಘಟಕಗಳಲ್ಲೂ ನಾಳೆಯೇ ಇದು ಜಾರಿಯಾಗಲಿ ಎಂದು ನಾನು ಕೇಳುವುದಿಲ್ಲ. ಒಂದು ವೈದ್ಯಕೀಯ ಕಾಲೇಜಿನ ಘಟಕ ಮತ್ತು ಎರಡು ಜಿಲ್ಲಾ ಆಸ್ಪತ್ರೆಗಳ ಘಟಕಗಳನ್ನು ಆರಿಸಿ, ಅಲ್ಲಿನ ಶುಶ್ರೂಷಾಧಿಕಾರಿಗಳಿಗೆ ತರಬೇತಿ ಕೊಟ್ಟು, ಕಾರ್ನೆಲ್ ಮಾಪನದ ಕನ್ನಡ ರೂಪವನ್ನು ಮಕ್ಕಳ ವೈದ್ಯರೂ ಮನೋವೈದ್ಯರೂ ಜೊತೆಗೂಡಿ ಪರೀಕ್ಷಿಸಲಿ. ಮಗುವಿಗೆ ಒಬ್ಬ ಪಾಲಕರು ದಿನವಿಡೀ ಜೊತೆಗಿರಬಹುದು ಎಂಬ ಲಿಖಿತ ಆದೇಶ ಅದೇ ದಿನ ಆ ಮೂರು ಘಟಕಗಳ ಬಾಗಿಲ ಮೇಲೆ ಅಂಟಲಿ. ಒಂದು ವರ್ಷದ ಬಳಿಕ ಎಷ್ಟು ಮಕ್ಕಳಲ್ಲಿ ಸನ್ನಿ ಕಂಡಿತು, ಎಷ್ಟು ದಿನ ಇತ್ತು, ಮಿಡಾಜೋಲಂ ಎಷ್ಟು ಖರ್ಚಾಯಿತು, ಎಷ್ಟು ಮಕ್ಕಳ ಕೈ ಕಟ್ಟಲಾಯಿತು ಎಂಬ ಲೆಕ್ಕವನ್ನು ಇಲಾಖೆ ಸಾರ್ವಜನಿಕರ ಮುಂದಿಡಲಿ. ಕನ್ನಡ ನಮೂನೆ ಸಿದ್ಧಪಡಿಸುವ ಕೆಲಸಕ್ಕೂ ತರಬೇತಿಗೂ ಯಾವ ಸಂಭಾವನೆಯೂ ಇಲ್ಲದೆ ಬರಲು ನಾನು ಸಿದ್ಧಳಿದ್ದೇನೆ. ನನ್ನಂತೆ ನಿವೃತ್ತರಾದ ಹಲವು ಸಹೋದ್ಯೋಗಿಗಳೂ ಒಪ್ಪಿದ್ದಾರೆ. ಇಲಾಖೆಯ ಉತ್ತರವನ್ನು ಎದುರು ನೋಡುತ್ತಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಮಕ್ಕಳ ತೀವ್ರ ನಿಗಾ ಘಟಕದ ನಿವೃತ್ತ ಶುಶ್ರೂಷಾಧಿಕಾರಿ